ಬಸ್ಸೋ, ಕಾರೋ, ಕಾಲ್ನಡಿಗೆಯೋ: ಒಂದು ಆಯ್ಕೆ ಮಾದರಿಯನ್ನು ಕಟ್ಟಿದ ಕೆಲಸದ ದಾಖಲೆ

ನಗರದ ಪ್ರಯಾಣಿಕರು ನಡಿಗೆ, ಸೈಕಲ್, ಸಾರ್ವಜನಿಕ ಸಾರಿಗೆ, ಕಾರು ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ಅಂದಾಜಿಸುವ ಮಾದರಿಯೊಂದನ್ನು, ಸಿದ್ಧ ತಂತ್ರಾಂಶದ ನೆರವಿಲ್ಲದೆ, ಮೊದಲ ಸಾಲಿನಿಂದ ನಾನೇ ಬರೆದು ಕಟ್ಟಬೇಕೆಂದು ಕುಳಿತು ಇಂದಿಗೆ ಇಪ್ಪತ್ತಮೂರು ದಿನಗಳಾದವು. ಕೆಲಸ ಪೂರ್ತಿ ಮುಗಿದಿಲ್ಲ. ಕೊನೆಯ ಹಂತದಲ್ಲಿ ಸಿಕ್ಕಿಕೊಂಡಿದ್ದೇನೆ. ಆದರೂ ಇಲ್ಲಿಯವರೆಗೆ ನಡೆದದ್ದನ್ನು, ಎಡವಿದ ಜಾಗಗಳ ಸಮೇತ, ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ. ಏಕೆಂದರೆ ಇದೇ ಕೆಲಸಕ್ಕೆ ಕೈಹಾಕುವವರು ಎಡವುವುದು ಬಹುಪಾಲು ಇವೇ ಜಾಗಗಳಲ್ಲಿ.

ಉಪಕರಣಗಳು: ಎಂಟು ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್, ಪೈಥಾನ್, ಅದರ ನಂಪೈ, ಸೈಪೈ ಮತ್ತು ಪಾಂಡಾಸ್ ಲೈಬ್ರರಿಗಳು, ಗೆರೆ ಹಾಕಿದ ಒಂದು ನೋಟ್‌ಬುಕ್ಕು, ಒಂದು ಕ್ಯಾಲ್ಕುಲೇಟರ್. ಹಣದ ಖರ್ಚು ಏನೂ ಇಲ್ಲ. ಬಳಸಿದ ತಂತ್ರಾಂಶ ಮತ್ತು ದತ್ತಾಂಶ ಎರಡೂ ಉಚಿತವಾಗಿ ಸಿಗುವಂಥವು. ಸಮಯದ ಖರ್ಚು ಈವರೆಗೆ ಸುಮಾರು ಅರವತ್ತು ಗಂಟೆ, ಅದರಲ್ಲಿ ಕೋಡ್ ಬರೆಯಲು ಹಿಡಿದದ್ದು ಹನ್ನೆರಡು ಗಂಟೆಗಳನ್ನು ಮೀರುವುದಿಲ್ಲ. ಉಳಿದದ್ದೆಲ್ಲ ದತ್ತಾಂಶದ ಸಾಲುಗಳನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಹೋಯಿತು.

ಹಂತ 1 (1ನೇ ಮತ್ತು 2ನೇ ದಿನ): ಅಳತೆಗೋಲನ್ನು ಮೊದಲು ಪರೀಕ್ಷಿಸುವುದು

ನೇರವಾಗಿ ನಗರದ ದತ್ತಾಂಶಕ್ಕೆ ಇಳಿಯಬಾರದೆಂದು ಆರಂಭದಲ್ಲೇ ನಿರ್ಧರಿಸಿದ್ದೆ. ನನ್ನ ಕೋಡ್ ಸರಿಯಾಗಿದೆಯೇ ಎಂದು ತಿಳಿಯಲು, ಉತ್ತರ ಮೊದಲೇ ಗೊತ್ತಿರುವ ಒಂದು ದತ್ತಾಂಶ ಬೇಕಿತ್ತು. ಅದಕ್ಕಾಗಿ ಸ್ವಿಸ್‌ಮೆಟ್ರೋ ಕಡತವನ್ನು ಆರಿಸಿಕೊಂಡೆ. ಸ್ವಿಟ್ಜರ್‌ಲೆಂಡಿನಲ್ಲಿ ನೆಲದಡಿಯ ಸುರಂಗದೊಳಗೆ ಅಯಸ್ಕಾಂತದ ಬಲದಿಂದ ತೇಲಿ ಓಡಬೇಕೆಂದು ಯೋಜಿಸಿ, ಕೊನೆಗೂ ಕಟ್ಟದೆ ಬಿಟ್ಟ ರೈಲಿನ ಹೆಸರು ಅದು. 1998ರಲ್ಲಿ ನಡೆದ ಸಮೀಕ್ಷೆಯಲ್ಲಿ ಪ್ರಯಾಣಿಕರ ಮುಂದೆ ರೈಲು, ಸ್ವಿಸ್‌ಮೆಟ್ರೋ, ಕಾರು ಎಂಬ ಮೂರು ಆಯ್ಕೆಗಳನ್ನು, ಬೇರೆ ಬೇರೆ ಸಮಯ ಮತ್ತು ವೆಚ್ಚಗಳೊಂದಿಗೆ, ಒಂಬತ್ತು ಸಲ ಇಟ್ಟು ಉತ್ತರ ಪಡೆಯಲಾಗಿತ್ತು. ಇದು ಊರಿಂದೂರಿಗೆ ಹೋಗುವ ಪ್ರಯಾಣವೇ ಹೊರತು ನಗರದೊಳಗಿನದಲ್ಲ; ಆದರೆ ಲೊಸಾನ್‌ನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್‌ನಲ್ಲಿ ಮಿಷೆಲ್ ಬಿಯರ್ಲೇರ್ ರೂಪಿಸಿದ, ಇಂಥ ಆಯ್ಕೆ ಮಾದರಿಗಳನ್ನು ಅಂದಾಜಿಸುವ ಬಯೋಜೀಮ್ ತಂತ್ರಾಂಶದ ಮಾದರಿ ಪಾಠಗಳಲ್ಲಿ ಹಲವು ಇದೇ ಕಡತದ ಮೇಲಿರುವುದರಿಂದ, ನನ್ನ ಉತ್ತರವನ್ನು ದಶಮಾಂಶದ ಮೂರನೆಯ ಸ್ಥಾನದವರೆಗೆ ಹೋಲಿಸಿ ನೋಡಬಹುದಿತ್ತು.

ಕಡತದಲ್ಲಿ 10,728 ಸಾಲುಗಳಿವೆ. ಆ ಪಾಠದಲ್ಲಿರುವಂತೆಯೇ, ಪ್ರಯಾಣದ ಉದ್ದೇಶದ ಸಂಕೇತ 1 ಅಥವಾ 3 ಆಗಿರುವ ಸಾಲುಗಳನ್ನಷ್ಟೇ ಉಳಿಸಿಕೊಂಡು, ಆಯ್ಕೆ ದಾಖಲಾಗದ ಸಾಲುಗಳನ್ನು ತೆಗೆದುಹಾಕಿದೆ. 6,768 ಸಾಲುಗಳು ಉಳಿದವು, ಅಂದರೆ 752 ಜನ, ತಲಾ ಒಂಬತ್ತು ಉತ್ತರ. ಇಲ್ಲಿಗೆ ಲೆಕ್ಕ ಕೂಡಿತು.

ಮುಂದೆ ಶೂನ್ಯ ಮಾದರಿ. ಎಲ್ಲ ಸಹಗುಣಕಗಳೂ (ಸಮಯ, ವೆಚ್ಚ ಮುಂತಾದವಕ್ಕೆ ಮಾದರಿ ಕೊಡುವ ತೂಕಗಳು) ಸೊನ್ನೆ, ಅಂದರೆ ಪ್ರಯಾಣಿಕನಿಗೆ ಯಾವುದೂ ಹೆಚ್ಚಲ್ಲ ಯಾವುದೂ ಕಡಿಮೆಯಲ್ಲ ಎಂದುಕೊಂಡು, ಜನ ನಿಜವಾಗಿ ಮಾಡಿದ ಆಯ್ಕೆಗಳಿಗೆ ಮಾದರಿ ಕೊಡುವ ಸಂಭವನೀಯತೆಗಳ ಲಾಗರಿದಮ್‌ಗಳನ್ನು ಕೂಡಿಸುವುದು. ಈ ಮೊತ್ತವನ್ನೇ ಲಾಗ್-ಲೈಕ್ಲಿಹುಡ್ ಎನ್ನುತ್ತಾರೆ. ಬರಬೇಕಾದ ಉತ್ತರ −6964.663. ನನಗೆ ಬಂದದ್ದು −7435.408.

ಇಡೀ ಎರಡನೆಯ ದಿನ ಕೋಡ್‌ನಲ್ಲಿ ತಪ್ಪು ಹುಡುಕುತ್ತ ಕಳೆದೆ. ಅದು ಹುಡುಕಬೇಕಾದ ಜಾಗವೇ ಆಗಿರಲಿಲ್ಲ. ಸಂಜೆ ನೋಟ್‌ಬುಕ್ಕಿನಲ್ಲಿ ಎರಡು ಸಂಖ್ಯೆಗಳ ವ್ಯತ್ಯಾಸ ಬರೆದುಕೊಂಡೆ: 470.745. ಮೂರು ಆಯ್ಕೆಗಳಿದ್ದರೆ ಪ್ರತಿ ಸಾಲಿಗೆ ಮೂರರ ಲಾಗರಿದಮ್‌ನಷ್ಟು, ಅಂದರೆ 1.0986, ಕಳೆಯುತ್ತದೆ, ಎರಡೇ ಆಯ್ಕೆಗಳಿದ್ದರೆ ಎರಡರ ಲಾಗರಿದಮ್, 0.6931. ಇವೆರಡರ ಅಂತರ 0.405465. ಅದರಿಂದ 470.745ನ್ನು ಭಾಗಿಸಿದರೆ ಸರಿಯಾಗಿ 1,161. ಮತ್ತೆ ಒಂಬತ್ತರಿಂದ ಭಾಗಿಸಿದರೆ 129, ಒಂದು ಚೂರೂ ಶೇಷವಿಲ್ಲ. 752 ಜನರಲ್ಲಿ 129 ಜನರಿಗೆ ಕಾರೇ ಲಭ್ಯವಿರಲಿಲ್ಲ! ಕಾರು ಲಭ್ಯವಿದೆಯೇ ಎಂಬ ಕಾಲಂ ಕಡತದಲ್ಲಿ ಎದುರಿಗೇ ಇತ್ತು. ನಾನು ಅದನ್ನು ಓದಿಕೊಂಡಿದ್ದೆ, ಆದರೆ ಲೆಕ್ಕಕ್ಕೆ ತಂದಿರಲಿಲ್ಲ. ಇಲ್ಲದ ಕಾರನ್ನು ಅವರು ಬೇಡವೆಂದು ಬಿಟ್ಟರೆಂದು ನನ್ನ ಮಾದರಿ ತಿಳಿದಿತ್ತು.

ಈ ಶೂನ್ಯ ಮಾದರಿಯ ಲೆಕ್ಕವನ್ನು ಹಲವರು ಔಪಚಾರಿಕ ಎಂದುಕೊಂಡು ಹಾರಿಸುತ್ತಾರೆ. ನಾನೂ ಹಾರಿಸಿದ್ದರೆ, ಮುಂದಿನ ಪ್ರತಿಯೊಂದು ಸಹಗುಣಕವೂ ತಪ್ಪಾಗಿರುತ್ತಿತ್ತು, ಮತ್ತು ಯಾವ ಸಂಖ್ಯೆಯೂ ನೋಡುವ ಕಣ್ಣಿಗೆ ಅಸಹಜವಾಗಿ ಕಾಣುತ್ತಿರಲಿಲ್ಲ.

ಹಂತ 2 (3ನೇ ದಿನದಿಂದ 5ನೇ ದಿನದವರೆಗೆ): ಗಾಯಕ್ಕೆ ಪಟ್ಟಿ ಕಟ್ಟಿ ಮುಳ್ಳನ್ನು ಒಳಗೇ ಬಿಟ್ಟದ್ದು

ಮಾದರಿ ಸರಳವಾದದ್ದು: ಪ್ರತಿ ಆಯ್ಕೆಯ ತುಷ್ಟಿಗುಣವೆಂದರೆ (ಅದು ಪ್ರಯಾಣಿಕನಿಗೆ ಎಷ್ಟು ಹಿಡಿಸುತ್ತದೆಂಬ ಅಂಕ) ಅದರ ಸ್ಥಿರಾಂಕ, ಸಮಯದ ಸಹಗುಣಕವನ್ನು ಸಮಯದಿಂದ ಗುಣಿಸಿದ್ದು, ವೆಚ್ಚದ ಸಹಗುಣಕವನ್ನು ವೆಚ್ಚದಿಂದ ಗುಣಿಸಿದ್ದು ಇವುಗಳ ಮೊತ್ತ. ತುಷ್ಟಿಗುಣವನ್ನು e ಎಂಬ ಸಂಖ್ಯೆಯ ಘಾತಾಂಕವಾಗಿಸಿ, ಬಂದದ್ದನ್ನು ಎಲ್ಲ ಆಯ್ಕೆಗಳ ಅಂಥ ಫಲಗಳ ಮೊತ್ತದಿಂದ ಭಾಗಿಸಿದರೆ ಆ ಆಯ್ಕೆಯ ಸಂಭವನೀಯತೆ ಸಿಗುತ್ತದೆ; ಇದೇ ಸರಳ ಲಾಜಿಟ್ ಮಾದರಿ. ಸ್ವಿಸ್‌ಮೆಟ್ರೋದ ಸ್ಥಿರಾಂಕವನ್ನು ಸೊನ್ನೆ ಎಂದು ಹಿಡಿದರೆ ಹುಡುಕಬೇಕಾದ ಅಜ್ಞಾತಗಳು ನಾಲ್ಕೇ ನಾಲ್ಕು. ಅತ್ಯುತ್ತಮ ಸಹಗುಣಕಗಳನ್ನು ಸುತ್ತು ಸುತ್ತಾಗಿ ಹುಡುಕುವ ಸೈಪೈಯ ಬಿಎಫ್‌ಜಿಎಸ್ ವಿಧಾನಕ್ಕೆ ಒಪ್ಪಿಸಿ ಓಡಿಸಿದೆ. ಎರಡನೆಯ ಸುತ್ತಿನಲ್ಲೇ ಪರದೆಯ ತುಂಬ ‘ಸಂಖ್ಯೆಯಲ್ಲ’ ಎಂಬ ಸಂದೇಶ ಬಂತು.

ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ: ಘಾತಾಂಕ 709ನ್ನು ದಾಟಿದರೆ ಕಂಪ್ಯೂಟರಿನ ಸಾಮಾನ್ಯ ದಶಮಾಂಶ ಸಂಖ್ಯೆಯಲ್ಲಿ ಅದರ ಫಲ ಹಿಡಿಸುವುದಿಲ್ಲ. ಪ್ರತಿ ಸಾಲಿನ ಅತಿ ದೊಡ್ಡ ತುಷ್ಟಿಗುಣವನ್ನು ಅದೂ ಸೇರಿ ಎಲ್ಲವುಗಳಿಂದ ಮೊದಲೇ ಕಳೆದುಬಿಟ್ಟರೆ ಸಂಭವನೀಯತೆಗಳು ಬದಲಾಗದೆ ಈ ತೊಂದರೆ ತಪ್ಪುತ್ತದೆ. ಹಾಗೆ ಮಾಡಿದೆ. ಸಮಯ ಮತ್ತು ವೆಚ್ಚ ಎರಡನ್ನೂ 100ರಿಂದ ಭಾಗಿಸಿದೆ. ಲೆಕ್ಕ ನಿಲ್ಲದೆ ಓಡಿತು, ಉತ್ತರವೂ ಬಂತು, ನಾನು ಸಮಾಧಾನಪಟ್ಟುಕೊಂಡೆ.

ಆ ಸಮಾಧಾನವೇ ತಪ್ಪಾಯಿತು. ನಿಮಿಷ ಮತ್ತು ಫ್ರಾಂಕ್‌ಗಳ ಲೆಕ್ಕದಲ್ಲಿ 709ರ ಗಡಿ ಅಷ್ಟು ಸುಲಭವಾಗಿ ಮುರಿಯಬೇಕಾದರೆ ಎಲ್ಲೋ ಒಂದು ಸಂಖ್ಯೆ ಮಿತಿ ಮೀರಿ ದೊಡ್ಡದಿರಬೇಕೆಂದು ನಾನು ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ವೆಚ್ಚದ ಸಹಗುಣಕ ತನ್ನ ಗಾತ್ರವನ್ನೆಲ್ಲ ಕಳೆದುಕೊಂಡು ಸೊನ್ನೆಯ ಪಕ್ಕದಲ್ಲಿ ಕುಳಿತಿತ್ತು. ಅದರಿಂದ ಸಮಯದ ಸಹಗುಣಕವನ್ನು ಭಾಗಿಸಿದರೆ ಒಂದು ಗಂಟೆಯ ಬೆಲೆ (ಒಂದು ಗಂಟೆ ಉಳಿಸಲು ಜನ ಕೊಡಲು ಸಿದ್ಧರಿರುವ ಹಣ) ಯಾರೂ ನಂಬಲಾಗದಷ್ಟು ಬರುತ್ತಿತ್ತು. ಎರಡು ದಿನ ಇದನ್ನು ಆಯ್ಕೆಯ ಸ್ವಭಾವವೇ ಇರಬಹುದೆಂದು ವಿವರಿಸಲು ಪ್ರಯತ್ನಿಸಿದೆನೆಂಬುದನ್ನು ಇಲ್ಲಿ ಬರೆಯಲೇಬೇಕು.

ಐದನೆಯ ದಿನ ವೆಚ್ಚದ ಕಾಲಂ ಅನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ ನೋಡಿದಾಗ ವಿಷಯ ಬಯಲಾಯಿತು. ಒಂದೇ ಪ್ರಯಾಣದ ರೈಲು ದರದ ಜಾಗದಲ್ಲಿ ನಾಲ್ಕಂಕಿಯ ಫ್ರಾಂಕ್ ಮೊತ್ತಗಳಿದ್ದವು. ಸ್ವಿಟ್ಜರ್‌ಲೆಂಡಿನಲ್ಲಿ ಜಿಎ ಎಂಬ ವಾರ್ಷಿಕ ಪಾಸ್ ಇದೆ. ಅದನ್ನು ಹೊಂದಿದವರ ಸಾಲುಗಳಲ್ಲಿ ವೆಚ್ಚದ ಕಾಲಂ ಇಡೀ ವರ್ಷದ ಪಾಸಿನ ಬೆಲೆಯನ್ನು ಹೇಳುತ್ತದೆ. ಪಾಸ್ ಈಗಾಗಲೇ ಕಿಸೆಯಲ್ಲಿರುವವನಿಗೆ ಇನ್ನೊಂದು ಪ್ರಯಾಣದ ವೆಚ್ಚ ಸೊನ್ನೆ. ಸಾವಿರಾರು ಫ್ರಾಂಕ್ ಕೊಟ್ಟು ಒಂದು ರೈಲು ಪ್ರಯಾಣ ಮಾಡುವ ಜನರಿದ್ದಾರೆಂದು ನನ್ನ ಮಾದರಿ ನಂಬಿ, ಆದ್ದರಿಂದ ಜನ ವೆಚ್ಚವನ್ನು ಲೆಕ್ಕಿಸುವುದೇ ಇಲ್ಲವೆಂಬ ತೀರ್ಮಾನಕ್ಕೆ ಬಂದಿತ್ತು. ಮೂರನೆಯ ದಿನ ಸಂಖ್ಯೆಗಳು ಸಿಡಿದದ್ದು ಇದರದ್ದೇ ಎಚ್ಚರಿಕೆ. ಭಾಗಾಕಾರದಿಂದ ಮತ್ತು ಕಳೆಯುವಿಕೆಯಿಂದ ನಾನು ಆ ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದೆ.

ಪಾಸ್ ಇರುವವರಿಗೆ ರೈಲು ಮತ್ತು ಸ್ವಿಸ್‌ಮೆಟ್ರೋ ಎರಡರ ವೆಚ್ಚವನ್ನೂ ಸೊನ್ನೆ ಮಾಡಿ ಮತ್ತೆ ಓಡಿಸಿದೆ.

ಹಂತ 3 (6ನೇ ದಿನ): ಉತ್ತರ ಕೂಡಿತು

ಅಂತಿಮ ಲಾಗ್-ಲೈಕ್ಲಿಹುಡ್ −5331.252. ಕಾರಿನ ಸ್ಥಿರಾಂಕ −0.155, ರೈಲಿನದು −0.701, ವೆಚ್ಚದ ಸಹಗುಣಕ −1.084, ಸಮಯದ್ದು −1.278. ಬಯೋಜೀಮ್‌ನ ಪಾಠದಲ್ಲಿರುವ ಉತ್ತರಗಳು ಇವೇ. ಸಮಯದ ಸಹಗುಣಕವನ್ನು ವೆಚ್ಚದ್ದರಿಂದ ಭಾಗಿಸಿ 60ರಿಂದ ಗುಣಿಸಿದರೆ ಗಂಟೆಗೆ ಸುಮಾರು 71 ಫ್ರಾಂಕ್.

ಕಂಪ್ಯೂಟರ್ ಕೊಟ್ಟದ್ದನ್ನು ಒಂದು ಸಾಲಿನ ಮೇಲಾದರೂ ಕೈಯಿಂದ ಮಾಡಿ ನೋಡಬೇಕೆಂಬುದು ನಾನು ಬಿಡದೆ ಪಾಲಿಸುವ ನಿಯಮ. ಕಡತದ ಮೊದಲ ಸಾಲಿನ ಪ್ರಯಾಣಿಕನ ಮುಂದಿದ್ದದ್ದು: ರೈಲು 112 ನಿಮಿಷ, 48 ಫ್ರಾಂಕ್, ಸ್ವಿಸ್‌ಮೆಟ್ರೋ 63 ನಿಮಿಷ, 52 ಫ್ರಾಂಕ್, ಕಾರು 117 ನಿಮಿಷ, 65 ಫ್ರಾಂಕ್. ಪಾಸ್ ಇಲ್ಲ.

ರೈಲು: −0.701 − 1.278 × 1.12 − 1.084 × 0.48 = −2.653
ಸ್ವಿಸ್‌ಮೆಟ್ರೋ: −1.278 × 0.63 − 1.084 × 0.52 = −1.369
ಕಾರು: −0.155 − 1.278 × 1.17 − 1.084 × 0.65 = −2.355

ಇವುಗಳನ್ನು ಘಾತಕ್ಕೆ ಏರಿಸಿದರೆ ಕ್ರಮವಾಗಿ 0.0705, 0.2544, 0.0949, ಮೊತ್ತ 0.4198. ಪಾಲುಗಳು: ರೈಲಿಗೆ ಶೇ 16.8, ಸ್ವಿಸ್‌ಮೆಟ್ರೋಗೆ ಶೇ 60.6, ಕಾರಿಗೆ ಶೇ 22.6. ಆತ ಆರಿಸಿದ್ದು ಸ್ವಿಸ್‌ಮೆಟ್ರೋ. ಕೋಡ್‌ನ ಮೊದಲ ಸಾಲಿನ ಫಲವೂ ಇದೇ ಆಗಿತ್ತು. ಹತ್ತು ನಿಮಿಷದ ಈ ಲೆಕ್ಕ ಮುಗಿದ ಮೇಲೆಯೇ ನನಗೆ ಕೋಡ್‌ನ ಮೇಲೆ ಪೂರ್ತಿ ನಂಬಿಕೆ ಬಂದದ್ದು.

ಪ್ರಮಾಣಿತ ದೋಷಗಳ (ಪ್ರತಿ ಸಹಗುಣಕದ ಅಂದಾಜು ಎಷ್ಟು ಆಚೀಚೆ ಆಗಬಹುದೆಂಬ ಅಳತೆ) ವಿಷಯದಲ್ಲಿ ಒಂದು ಚಿಕ್ಕ ತಪ್ಪಾಯಿತು. 6,768 ಸಾಲುಗಳನ್ನೂ ಒಂದಕ್ಕೊಂದು ಸಂಬಂಧವಿಲ್ಲದ ಸಾಲುಗಳೆಂದು ಹಿಡಿದು ದೋಷವನ್ನು ಲೆಕ್ಕ ಹಾಕಿದ್ದೆ. ಉತ್ತರಿಸಿದವರು 752 ಜನ ಮಾತ್ರ. ಒಬ್ಬನೇ ವ್ಯಕ್ತಿಯ ಒಂಬತ್ತು ಉತ್ತರಗಳು ಒಂಬತ್ತು ಜನರ ಉತ್ತರಗಳಿಗೆ ಸಮವಲ್ಲ. ವ್ಯಕ್ತಿವಾರು ಗುಂಪು ಮಾಡಿ ಮತ್ತೆ ಲೆಕ್ಕ ಹಾಕಿದಾಗ ದೋಷಗಳು ಹಿಗ್ಗಿದವು. ಸಹಗುಣಕಗಳು ಬದಲಾಗಲಿಲ್ಲ, ಅವುಗಳ ಮೇಲಿನ ಭರವಸೆ ಮಾತ್ರ ತಕ್ಕ ಅಳತೆಗೆ ಇಳಿಯಿತು.

ಹಂತ 4 (7ನೇ ದಿನದಿಂದ 9ನೇ ದಿನದವರೆಗೆ): ಗೂಡು ಕಟ್ಟಿದ್ದು, ಮತ್ತು ಮೂವತ್ತು ನಿಮಿಷಗಳ ಪರೀಕ್ಷೆ

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಹಂತ. ಸರಳ ಲಾಜಿಟ್ ಮಾದರಿಯಲ್ಲಿ ಯಾವುದೇ ಎರಡು ಆಯ್ಕೆಗಳ ಪಾಲಿನ ಅನುಪಾತ ಮೂರನೆಯದನ್ನು ಅವಲಂಬಿಸುವುದಿಲ್ಲವೆಂದು ಓದಿದ್ದೆ. ಆದರೆ ಅದು ನಿಜವಾದ ಲೆಕ್ಕದಲ್ಲಿ ಎಷ್ಟು ದೊಡ್ಡ ಅಂತರ ತರುತ್ತದೆಂದು ಅಂದಾಜಿರಲಿಲ್ಲ. ಹೀಗಾಗಿ ಮೇಲಿನ ಅದೇ ಪ್ರಯಾಣಿಕನನ್ನು ತೆಗೆದುಕೊಂಡು, ಅವನ ರೈಲು ಪ್ರಯಾಣ 112ರಿಂದ 82 ನಿಮಿಷಕ್ಕೆ ಇಳಿದರೆ ಏನಾಗುತ್ತದೆಂದು ನೋಡಿದೆ.

ಸರಳ ಲಾಜಿಟ್‌ನಲ್ಲಿ ರೈಲಿನ ಪಾಲು ಶೇ 16.8ರಿಂದ 22.8ಕ್ಕೆ ಏರಿತು. ಸ್ವಿಸ್‌ಮೆಟ್ರೋ ಶೇ 60.6ರಿಂದ 56.2ಕ್ಕೆ, ಕಾರು ಶೇ 22.6ರಿಂದ 21.0ಕ್ಕೆ ಇಳಿದವು. ಎರಡೂ ತಮ್ಮ ತಮ್ಮ ಪಾಲಿನಲ್ಲಿ ಸರಿಸಮವಾಗಿ ಶೇ 7.3ರಷ್ಟನ್ನು ಕಳೆದುಕೊಂಡಿವೆ. ಹೊಸ ಪ್ರಯಾಣಿಕರು ಎಲ್ಲಿಂದ ಬಂದರೆಂಬ ಪ್ರಶ್ನೆಗೆ ದತ್ತಾಂಶ ಕೊಟ್ಟ ಉತ್ತರ ಇದಲ್ಲ. ಸೂತ್ರವೇ ಮೊದಲು ನಿರ್ಧರಿಸಿಟ್ಟ ಉತ್ತರ.

ಈಗ ನೆಸ್ಟೆಡ್ ಲಾಜಿಟ್, ಅಂದರೆ ಒಂದನ್ನೊಂದು ಹೋಲುವ ಆಯ್ಕೆಗಳನ್ನು ಒಂದು ಗೂಡಿನಲ್ಲಿಡುವ ಮಾದರಿ. ರೈಲು ಮತ್ತು ಕಾರು ಎರಡೂ ಜನ ಬಳಸಿ ಬಲ್ಲ, ಈಗಾಗಲೇ ಇರುವ ಸಾರಿಗೆಗಳು. ಸ್ವಿಸ್‌ಮೆಟ್ರೋ ಕೇವಲ ಕಾಗದದ ಮೇಲಿದ್ದದ್ದು. ಹಾಗಾಗಿ ಮೊದಲೆರಡನ್ನು ಒಂದು ಗೂಡಿನಲ್ಲಿಟ್ಟೆ. ಇದಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು ಒಂದೇ ಅಜ್ಞಾತ, ಗೂಡಿನ ಅಳತೆಯ ಅಂಕ. ಮೊದಲ ಯತ್ನದಲ್ಲಿ ಈ ಅಂಕವನ್ನು ಸೊನ್ನೆಯಿಂದ ಆರಂಭಿಸಿದ್ದೆ. ಸೂತ್ರದಲ್ಲಿ ಅದರಿಂದ ಭಾಗಿಸುವುದಿದೆ, ಲೆಕ್ಕ ಅಲ್ಲೇ ಮುರಿದುಬಿತ್ತು. 1ರಿಂದ ಆರಂಭಿಸಿದರೆ ಅದು ಸರಳ ಲಾಜಿಟ್ ಆಗಿಯೇ ಹೊರಡುತ್ತದೆ, ಹಿಂದಿನ ಹಂತದ ಸಹಗುಣಕಗಳನ್ನು ಕೊಟ್ಟರೆ −5331.252 ಎಂಬ ಪರಿಚಿತ ಸಂಖ್ಯೆಯಿಂದಲೇ ಶುರುವಾಗುತ್ತದೆ. ಹೀಗೆ ಶುರುಮಾಡುವುದೇ ಒಂದು ಪರೀಕ್ಷೆಯೂ ಹೌದು.

ಗೂಡಿನ ಅಂಕ 2.05 ಬಂತು, ಲಾಗ್-ಲೈಕ್ಲಿಹುಡ್ −5236.900. ವ್ಯತ್ಯಾಸದ ಎರಡರಷ್ಟು 188.7, ಈ ಸುಧಾರಣೆ ಬರೀ ಆಕಸ್ಮಿಕವಲ್ಲವೆನ್ನಲು ಒಂದು ಅಜ್ಞಾತಕ್ಕೆ ಶೇ 95ರ ಮಟ್ಟದಲ್ಲಿ ಬೇಕಾದದ್ದು 3.84 ಮಾತ್ರ. ವೆಚ್ಚದ ಸಹಗುಣಕ −0.857, ಸಮಯದ್ದು −0.899 ಆಗಿ, ಗಂಟೆಯ ಬೆಲೆ 71ರಿಂದ 63 ಫ್ರಾಂಕ್‌ಗೆ ಇಳಿಯಿತು.

ಅದೇ ಪ್ರಯಾಣಿಕನಿಗೆ, ಅದೇ ಮೂವತ್ತು ನಿಮಿಷಗಳ ಕಡಿತ: ರೈಲು ಶೇ 16.0ರಿಂದ 22.9ಕ್ಕೆ ಏರಿತು, ಸ್ವಿಸ್‌ಮೆಟ್ರೋ ಶೇ 62.2ರಿಂದ 59.0ಕ್ಕೆ, ಕಾರು ಶೇ 21.9ರಿಂದ 18.1ಕ್ಕೆ ಇಳಿದವು. ರೈಲಿನ ಏರಿಕೆ ಎರಡು ಮಾದರಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಈ ಸಲ ಕಾರು ತನ್ನ ಪಾಲಿನ ಶೇ 17ರಷ್ಟನ್ನು ಕಳೆದುಕೊಂಡರೆ ಸ್ವಿಸ್‌ಮೆಟ್ರೋ ಕಳೆದುಕೊಂಡದ್ದು ಶೇ 5 ಮಾತ್ರ. ವೇಗವಾದ ರೈಲು ರಸ್ತೆಯಿಂದ ಎಷ್ಟು ಕಾರುಗಳನ್ನು ಇಳಿಸುತ್ತದೆ ಎಂದು ಕೇಳುವವರಿಗೆ ಈ ಎರಡು ಉತ್ತರಗಳ ನಡುವೆ ಇಮ್ಮಡಿಗಿಂತ ಹೆಚ್ಚಿನ ಅಂತರವಿದೆ. ಒಟ್ಟು ಏರಿಕೆಯನ್ನಷ್ಟೇ ನೋಡಿ ಮಾದರಿಯನ್ನು ಒಪ್ಪಿಕೊಳ್ಳುವವರಿಗೆ ಈ ಅಂತರ ಕಾಣಿಸುವುದೇ ಇಲ್ಲ. ನಾನು ಇದನ್ನು ಎರಡು ಸಲ ಕೈಯಿಂದ ಲೆಕ್ಕ ಹಾಕಿದೆ, ಏಕೆಂದರೆ ಮೊದಲ ಸಲ ನಂಬಲಾಗಲಿಲ್ಲ.

ಹಂತ 5 (10ನೇ ದಿನದಿಂದ 15ನೇ ದಿನದವರೆಗೆ): ನಗರಕ್ಕೆ ಬಂದದ್ದು

ಈಗ ನಿಜವಾದ ನಗರದ ದತ್ತಾಂಶ. ಲಂಡನ್ನಿನ ಪ್ರಯಾಣ ಸಮೀಕ್ಷೆಯಿಂದ ಸಿದ್ಧಪಡಿಸಿ ಸಂಶೋಧಕರು ಮುಕ್ತವಾಗಿ ಒದಗಿಸಿರುವ ಕಡತದಲ್ಲಿ 2012ರ ಏಪ್ರಿಲ್‌ನಿಂದ 2015ರ ಮಾರ್ಚ್‌ವರೆಗಿನ ಮೂರು ವರ್ಷಗಳ 81,086 ಪ್ರಯಾಣಗಳಿವೆ. 17,616 ಮನೆಗಳು, 31,954 ಜನ. ನಡಿಗೆ 14,268, ಸೈಕಲ್ 2,405, ಸಾರ್ವಜನಿಕ ಸಾರಿಗೆ 28,605, ಕಾರು 35,808. ಜನ ಆರಿಸದೆ ಬಿಟ್ಟ ವಿಧಾನಗಳಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂಬುದನ್ನೂ ದಾರಿ ಹುಡುಕಿಕೊಡುವ ಸೇವೆಯಿಂದ ಲೆಕ್ಕ ಹಾಕಿ ಸೇರಿಸಿದ್ದಾರೆ. ಈ ಕಡತದ ಹೆಚ್ಚಿನ ಬೆಲೆ ಇರುವುದು ಅಲ್ಲೇ: ಆರಿಸಿದ ದಾರಿಯ ಸಮಯ ಮಾತ್ರ ಗೊತ್ತಿದ್ದರೆ ಆಯ್ಕೆಯ ಮಾದರಿಯನ್ನು ಕಟ್ಟಲು ಬರುವುದಿಲ್ಲ.

ಮೊದಲ ಹಂತದ ಪಾಠದಂತೆ ಶೂನ್ಯ ಮಾದರಿಯಿಂದಲೇ ಆರಂಭಿಸಿದೆ. ನಾಲ್ಕೂ ಆಯ್ಕೆಗಳು ಎಲ್ಲರಿಗೂ ಇವೆಯೆಂದರೆ 81,086ನ್ನು ನಾಲ್ಕರ ಲಾಗರಿದಮ್‌ನಿಂದ ಗುಣಿಸಿ −1,12,409. ಸ್ಥಿರಾಂಕಗಳನ್ನಷ್ಟೇ ಇಟ್ಟರೆ, ಅಂದರೆ ಎಲ್ಲರಿಗೂ ಮೇಲಿನ ಒಟ್ಟು ಪಾಲುಗಳನ್ನೇ ಹಂಚಿದರೆ, ಸುಮಾರು −92,323. ನನ್ನ ಮಾದರಿ ಈ ಎರಡನೆಯದನ್ನು ಮೀರಿ ಎಷ್ಟು ಗಳಿಸುತ್ತದೆಂಬುದೇ ಮುಖ್ಯ; ಮೊದಲನೆಯದನ್ನು ಮೀರುವುದರಲ್ಲಿ ಹೆಚ್ಚುಗಾರಿಕೆ ಇಲ್ಲ.

ಇಲ್ಲಿ ಮೂರು ತಪ್ಪುಗಳಾದವು, ಮೂರೂ ಹಿಂದಿನ ಹಂತಗಳ ಪಾಠವನ್ನು ಯೋಚಿಸದೆ ಹೊತ್ತು ತಂದದ್ದರಿಂದ.

ಸ್ವಿಸ್‌ಮೆಟ್ರೋದಲ್ಲಿ ಕಾರಿನ ಲಭ್ಯತೆಯನ್ನು ಮರೆತು ಪೆಟ್ಟು ತಿಂದಿದ್ದೆನಲ್ಲ, ಹಾಗಾಗಿ ಇಲ್ಲಿ ಚಾಲನಾ ಪರವಾನಗಿ ಇಲ್ಲದವರಿಗೆಲ್ಲ ಕಾರಿನ ಆಯ್ಕೆಯನ್ನೇ ತೆಗೆದುಹಾಕಿದೆ. ಲಾಗ್-ಲೈಕ್ಲಿಹುಡ್ ಋಣ ಅನಂತವಾಯಿತು. ಯಾವ ಸಾಲುಗಳಲ್ಲಿ ಹಾಗಾಗಿದೆಯೆಂದು ಬೇರ್ಪಡಿಸಿ ವಯಸ್ಸಿನ ಕಾಲಂ ನೋಡಿದರೆ ಅದರಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರು. ಅವರು ಕಾರು ಓಡಿಸಿರಲಿಲ್ಲ, ಕಾರಿನಲ್ಲಿ ಕುಳಿತು ಹೋಗಿದ್ದರು. ಈ ಕಡತದಲ್ಲಿ ಕಾರು ಎಂದರೆ ಚಾಲಕನೂ ಹೌದು, ಜೊತೆಗೆ ಕೂತವನೂ ಹೌದು. ಒಬ್ಬನಿಗಾದರೂ ಸಾಧ್ಯವಾಗಿರುವುದನ್ನು ಮಾದರಿಯಲ್ಲಿ ಅಸಾಧ್ಯವೆಂದು ಬರೆದರೆ ಇಡೀ ಮೊತ್ತವೇ ಕುಸಿಯುತ್ತದೆ. ಪರವಾನಗಿಯನ್ನು ಲಭ್ಯತೆಯಿಂದ ತೆಗೆದು, ಕಾರಿನ ತುಷ್ಟಿಗುಣದಲ್ಲಿ ಒಂದು ಸಹಗುಣಕವಾಗಿ ಸೇರಿಸಿದೆ. ಮನೆಯಲ್ಲಿ ಕಾರು ಇಲ್ಲ, ವಯಸ್ಕರಿಗಿಂತ ಕಡಿಮೆ ಕಾರುಗಳಿವೆ, ತಲೆಗೊಂದು ಅಥವಾ ಹೆಚ್ಚು ಇವೆ ಎಂಬ ಮೂರು ಮಟ್ಟಗಳನ್ನೂ ಹಾಗೆಯೇ ಸೇರಿಸಿದೆ. ಸೈಕಲ್ ಯಾರ ಬಳಿ ಇದೆಯೆಂದು ಕಡತ ಹೇಳುವುದಿಲ್ಲವಾದ್ದರಿಂದ ಅದನ್ನು ಎಲ್ಲರಿಗೂ ಲಭ್ಯವೆಂದೇ ಬಿಡಬೇಕಾಯಿತು. ಈ ಊಹೆ ನನಗೆ ಒಪ್ಪಿಗೆಯಿಲ್ಲ, ಆದರೆ ಬೇರೆ ದಾರಿ ಸಿಗಲಿಲ್ಲ.

ಎರಡನೆಯದು ರಿಯಾಯಿತಿ. ಜಿಎ ಪಾಸ್ ಕಲಿಸಿದ ಪಾಠ ನೆನಪಿಟ್ಟುಕೊಂಡು, ಮಕ್ಕಳಿಗೆ ಮತ್ತು ಉಚಿತ ಪ್ರಯಾಣದವರಿಗೆ ಸಾರ್ವಜನಿಕ ಸಾರಿಗೆಯ ವೆಚ್ಚವನ್ನು ರಿಯಾಯಿತಿಯ ಕಾಲಂನಿಂದ ಗುಣಿಸಿ ಇಳಿಸಿದೆ. ಆದರೆ ವೆಚ್ಚದ ಕಾಲಂನಲ್ಲಿ ರಿಯಾಯಿತಿ ಮೊದಲೇ ಕಳೆದಿತ್ತು. ಅರ್ಧ ದರದವರು ಕಾಲು ದರದವರಾದರು. ನಾಲ್ಕೈದು ಸಾಲುಗಳನ್ನು ಎದುರಿಗಿಟ್ಟುಕೊಂಡು ಓದಿದ್ದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಒಂದೂವರೆ ದಿನ ಹೋಯಿತು.

ಮೂರನೆಯದು ಅಳತೆಯ ಮಾನ. ಸ್ವಿಸ್ ಕಡತದಲ್ಲಿ ಸಮಯ ನಿಮಿಷಗಳಲ್ಲಿತ್ತು, ಇಲ್ಲಿ ಗಂಟೆಗಳಲ್ಲಿದೆ. ಅಭ್ಯಾಸಬಲದಿಂದ ಸಮಯದ ಬೆಲೆಯನ್ನು 60ರಿಂದ ಗುಣಿಸಿದೆ, ಉತ್ತರ ಅರವತ್ತು ಪಟ್ಟಾಯಿತು. ಇದು ಕೂಡಲೇ ಸಿಕ್ಕಿಬಿತ್ತು.

ಇಷ್ಟನ್ನೂ ತಿದ್ದಿದ ಮೇಲೆ ಮಾದರಿಯಲ್ಲಿ 15 ಸಹಗುಣಕಗಳಿದ್ದವು. ಸಾರ್ವಜನಿಕ ಸಾರಿಗೆಯ ಸಮಯವನ್ನು ನಿಲ್ದಾಣದವರೆಗಿನ ನಡಿಗೆ, ರೈಲಿನೊಳಗಿನ ಸಮಯ, ಬಸ್ಸಿನೊಳಗಿನ ಸಮಯ, ಬದಲಾಯಿಸುವಾಗ ಕಾಯುವ ಸಮಯ ಎಂದು ಬಿಡಿಸಿಟ್ಟೆ; ಎಷ್ಟು ಸಲ ಬದಲಾಯಿಸಬೇಕೆಂಬುದಕ್ಕೂ ಒಂದು ಸಹಗುಣಕ ಕೊಟ್ಟೆ. ಬಸ್ಸಿನಲ್ಲಿ ಕುಳಿತ ಹತ್ತು ನಿಮಿಷಕ್ಕೂ ನಿಲ್ದಾಣದಲ್ಲಿ ಕಾದ ಹತ್ತು ನಿಮಿಷಕ್ಕೂ ಒಂದೇ ಬೆಲೆ ಕಟ್ಟುವ ಮಾದರಿಯನ್ನು ಪ್ರಯಾಣ ಮಾಡಿ ಬಲ್ಲವರಾರೂ ಒಪ್ಪುವುದಿಲ್ಲ.

ಲಾಗ್-ಲೈಕ್ಲಿಹುಡ್ ನಿಜವಾಗಿ ತನ್ನ ಶಿಖರ ಮುಟ್ಟಿದೆಯೇ ಎಂದು ತಿಳಿಯಲು ಒಂದು ಸೊಗಸಾದ ಪರೀಕ್ಷೆಯಿದೆ. ಪ್ರತಿ ಆಯ್ಕೆಗೂ ಸ್ಥಿರಾಂಕವಿರುವ ಸರಳ ಲಾಜಿಟ್‌ನಲ್ಲಿ, ಅಂದಾಜು ಮುಗಿದಾಗ, ಎಲ್ಲ ಸಾಲುಗಳ ಸೈಕಲ್ ಸಂಭವನೀಯತೆಗಳ ಮೊತ್ತ ನಿಜವಾದ ಸೈಕಲ್ ಪ್ರಯಾಣಗಳ ಸಂಖ್ಯೆಗೆ ಸಮನಾಗಲೇಬೇಕು. ಇಡೀ ಕಡತದ ಮೇಲೆ ಅಂದಾಜಿಸಿದರೆ ಅದು 2,405. ನನಗೆ ಮೊದಲ ಸಲ ಅದರ ಹತ್ತಿರದ ಇನ್ನೊಂದು ಸಂಖ್ಯೆ ಬಂತು. ಹುಡುಕುವ ವಿಧಾನ ತೃಪ್ತಿಯ ಮಿತಿಯನ್ನು ಸಡಿಲವಾಗಿಟ್ಟುಕೊಂಡು ಶಿಖರಕ್ಕೆ ಮೊದಲೇ ನಿಂತುಬಿಟ್ಟಿತ್ತು. ಮಿತಿಯನ್ನು ಬಿಗಿಗೊಳಿಸಿ, ಕೈಯಿಂದ ಬರೆದ ಇಳಿಜಾರಿನ ಸೂತ್ರವನ್ನು ಕೊಟ್ಟ ಮೇಲೆ 2,405 ಬಂತು.

ಹಂತ 6 (16ನೇ ದಿನದಿಂದ 19ನೇ ದಿನದವರೆಗೆ): ತಪ್ಪು ಪರೀಕ್ಷೆಯಲ್ಲಿ ಪಾಸಾದದ್ದು

ಮಾದರಿಯನ್ನು ಪರೀಕ್ಷಿಸಲು ಸಾಲುಗಳನ್ನು ಯಾದೃಚ್ಛಿಕವಾಗಿ ಕಲಿಕೆಗೆ ಶೇ 70, ಪರೀಕ್ಷೆಗೆ ಶೇ 30 ಎಂದು ಹಂಚಿದೆ. ಜೊತೆಗೆ, ಹೋಲಿಕೆಗೆಂದು, ನಿರ್ಣಯ ವೃಕ್ಷಗಳ ಗುಂಪಿನ ಒಂದು ಯಂತ್ರಕಲಿಕೆಯ ಮಾದರಿಯನ್ನೂ ಓಡಿಸಿದೆ. ವೃಕ್ಷಗಳ ಮಾದರಿ ನನ್ನ ಲಾಜಿಟ್ ಅನ್ನು ಎಷ್ಟು ಹಿಂದೆ ಹಾಕಿತೆಂದರೆ, ಇಷ್ಟು ದಿನ ಸುಮ್ಮನೆ ದುಡಿದೆನೇನೋ ಎನ್ನಿಸಿತು.

ಲೆಕ್ಕ ಬೇರೆ ಇತ್ತು. ಸರಾಸರಿ ಒಂದು ಮನೆಗೆ 4.6 ಪ್ರಯಾಣಗಳಿವೆ. ಬೆಳಿಗ್ಗೆ ಒಬ್ಬ ಯಾವುದರಲ್ಲಿ ಹೋದನೋ ಸಂಜೆ ಬಹುಪಾಲು ಅದರಲ್ಲೇ ಮರಳುತ್ತಾನೆ, ಅಷ್ಟೇ ದೂರ, ಅದೇ ವಯಸ್ಸು, ಅದೇ ದರ. ನಾಲ್ಕು ಪ್ರಯಾಣಗಳ ಒಂದು ಮನೆ ಪೂರ್ತಿಯಾಗಿ ಒಂದೇ ಬದಿಗೆ ಬೀಳುವ ಸಂಭವ 0.7ರ ನಾಲ್ಕನೇ ಘಾತ ಮತ್ತು 0.3ರ ನಾಲ್ಕನೇ ಘಾತಗಳ ಮೊತ್ತ, ಅಂದರೆ 0.248. ಹೀಗಾಗಿ ಇಂಥ ಮನೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಎರಡೂ ಬದಿಗೆ ಹರಡಿದ್ದವು. ವೃಕ್ಷಗಳ ಮಾದರಿ ದೂರದ ಮೀಟರ್ ಲೆಕ್ಕದಿಂದ ಮನೆಯನ್ನೇ ಗುರುತು ಹಿಡಿದು, ಬೆಳಗಿನ ಉತ್ತರವನ್ನು ಸಂಜೆಯ ಪ್ರಶ್ನೆಗೆ ಬರೆಯುತ್ತಿತ್ತು. ಹದಿನೈದೇ ಸಹಗುಣಕಗಳ ಲಾಜಿಟ್‌ಗೆ ಹಾಗೆ ಬಾಯಿಪಾಠ ಮಾಡುವ ಶಕ್ತಿಯಿಲ್ಲ.

ಹಂಚಿಕೆಯನ್ನು ಬದಲಾಯಿಸಿ, ಮೊದಲ ಎರಡು ವರ್ಷಗಳ 54,766 ಪ್ರಯಾಣಗಳನ್ನು ಕಲಿಕೆಗೆ, ಮೂರನೆಯ ವರ್ಷದ 26,320ನ್ನು ಪರೀಕ್ಷೆಗೆ ಇಟ್ಟೆ. ಲಾಜಿಟ್‌ನ ಅಂಕ ಹೆಚ್ಚು ಅಲುಗಾಡಲಿಲ್ಲ. ವೃಕ್ಷಗಳ ಮಾದರಿಯ ಅಂಕ ಎದ್ದು ಕಾಣುವಂತೆ ಕುಸಿಯಿತು, ಆದರೂ ಅದು ಕೆಟ್ಟ ಮಾದರಿಯೇನಲ್ಲ. ನನ್ನ ಮೊದಲ ಹೋಲಿಕೆ ಮಾತ್ರ ಯಾವ ಲೆಕ್ಕಕ್ಕೂ ಬಾರದ್ದಾಗಿತ್ತು.

ಇದೇ ಹಂತದಲ್ಲಿ ಇನ್ನೊಂದು ಅಳತೆಯನ್ನೂ ಕೈಬಿಟ್ಟೆ. ಪ್ರತಿ ಸಾಲಿನಲ್ಲಿ ಅತಿ ಹೆಚ್ಚಿನ ಸಂಭವನೀಯತೆಯ ವಿಧಾನವನ್ನೇ ಉತ್ತರವೆಂದು ಹಿಡಿದು, ಎಷ್ಟು ಸರಿಯಾಯಿತೆಂದು ಎಣಿಸುತ್ತಿದ್ದೆ. ಏನೂ ನೋಡದೆ ಎಲ್ಲರೂ ಕಾರಿನಲ್ಲೇ ಹೋದರು ಎಂದರೂ ಇಡೀ ಕಡತದಲ್ಲಿ ಶೇ 44.2 ಸರಿಯಾಗುತ್ತದೆ. ಸೈಕಲ್ಲಿಗಂತೂ ಮೊದಲ ಸ್ಥಾನ ಸಿಗುವುದೇ ಇಲ್ಲವೆಂಬಷ್ಟು ವಿರಳ. ಶೇ 3ರ ಪಾಲಿನ ವಿಧಾನವನ್ನು ಈ ಎಣಿಕೆ ನಗರದಿಂದಲೇ ಅಳಿಸಿಹಾಕುತ್ತದೆ. ಸಂಭವನೀಯತೆಗಳನ್ನು ಹಾಗೆಯೇ ಕೂಡಿಸಿದರೆ ಸೈಕಲ್ ಸವಾರರು ಉಳಿಯುತ್ತಾರೆ. ಒಂದು ಮಾತನ್ನು ಇಲ್ಲಿ ನೆನೆಯಬೇಕು. ಆಯ್ಕೆ ಮಾದರಿಗಳಿಗೆ ಬುನಾದಿ ಹಾಕಿ 2000ನೇ ಇಸವಿಯ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಮೆಕ್‌ಫ್ಯಾಡನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬಾರ್ಟ್ ರೈಲಿಗೆ ಕೆಲಸದ ಪ್ರಯಾಣಗಳಲ್ಲಿ ಶೇ 6.3ರ ಪಾಲು ಸಿಗುವುದೆಂದು ಅಂದಾಜಿಸಿದ್ದರು. ಅಧಿಕೃತ ಅಂದಾಜು ಶೇ 15 ಇತ್ತು, ಬಂದದ್ದು ಶೇ 6.2. ಆದರೆ ನಡೆದುಬಂದು ರೈಲು ಹತ್ತುವವರನ್ನು ಅವರು ಬಹಳ ಹೆಚ್ಚು ಅಂದಾಜಿಸಿದ್ದರು. ಒಟ್ಟು ಪಾಲು ಕೂಡಿದ ಮಾತ್ರಕ್ಕೆ ಒಳಗಿನ ಭಾಗಗಳೂ ಕೂಡಿವೆಯೆಂದು ತಿಳಿಯದಿರಲು ಈ ಉದಾಹರಣೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ಹಂತ 7 (20ನೇ ದಿನದಿಂದ ಇಂದಿನವರೆಗೆ): ಸಿಕ್ಕಿಕೊಂಡ ಜಾಗ

ಬೆಳಿಗ್ಗೆ ಕಾರನ್ನು ಮನೆಯಲ್ಲೇ ಬಿಟ್ಟು ರೈಲಿನಲ್ಲಿ ಹೋದವನು ಸಂಜೆ ಅದೇ ಕಾರನ್ನು ಓಡಿಸಿಕೊಂಡು ಬರಲಾರ. ನನ್ನ ಮಾದರಿಗೆ ಇದು ಗೊತ್ತಿಲ್ಲ. ಸಂಜೆಯ ಸಾಲನ್ನು ಅದು ಹೊಸದಾಗಿ ನೋಡಿ, ಪರವಾನಗಿ ಇದೆ, ಮನೆಯಲ್ಲಿ ಕಾರೂ ಇದೆ ಎಂದು ಕಾರಿಗೆ ಒಂದು ಪಾಲನ್ನು ಕೊಟ್ಟುಬಿಡುತ್ತದೆ. ಹಾಗಾಗಿ ಬಿಡಿ ಪ್ರಯಾಣಗಳನ್ನು ಬಿಟ್ಟು, ಮನೆಯಿಂದ ಹೊರಟು ಮನೆಗೆ ಮರಳುವ ಇಡೀ ಸುತ್ತನ್ನೇ ಒಂದು ಆಯ್ಕೆಯಾಗಿ ಹಿಡಿಯಬೇಕೆಂದು ಕೆಲಸ ಶುರುಮಾಡಿದ್ದೇನೆ.

ಕಡತದಲ್ಲಿ ಮನೆಯ ಸಂಖ್ಯೆ, ವ್ಯಕ್ತಿಯ ಸಂಖ್ಯೆ, ಅವನ ಪ್ರಯಾಣದ ಕ್ರಮಸಂಖ್ಯೆ, ಹೊರಟ ಹೊತ್ತು ಇವೆ. ಎಲ್ಲಿಂದ ಎಲ್ಲಿಗೆ ಎಂಬುದು ಮಾತ್ರ ಇಲ್ಲ. ಉದ್ದೇಶದ ಕಾಲಂ ಮನೆಗೆ ಸಂಬಂಧಿಸಿದ ಕೆಲಸ, ಮನೆಗೆ ಸಂಬಂಧಿಸಿದ ಶಿಕ್ಷಣ ಎಂದಷ್ಟೇ ಹೇಳುತ್ತದೆ. ಮನೆಯಿಂದ ಹೊರಟದ್ದೋ ಮನೆಗೆ ಮರಳಿದ್ದೋ ಎಂದು ಹೇಳುವುದಿಲ್ಲ. ಎರಡೇ ಪ್ರಯಾಣ ಮಾಡಿದವರ ಸುತ್ತುಗಳನ್ನು ದೂರ ಮತ್ತು ಹೊತ್ತು ನೋಡಿ ಜೋಡಿಸಿಯಾಯಿತು. ಮೂರು ಪ್ರಯಾಣಗಳಿದ್ದಲ್ಲಿ, ನಡುವಿನದು ಮನೆಗೆ ಸಂಬಂಧಿಸದ್ದೆಂದು ಗುರುತಾಗಿದ್ದರೆ ಮನೆ, ಕೆಲಸ, ಮತ್ತೊಂದು ಜಾಗ, ಮನೆ ಎಂದು ಬಿಡಿಸಿಕೊಳ್ಳಬಹುದು. ಮೂರೂ ಮನೆಗೆ ಸಂಬಂಧಿಸಿದವೆಂದು ಬರೆದಿರುವ ಸಾಲುಗಳಿವೆ. ಮೂರೂ ಒಂದು ತುದಿಯಲ್ಲಿ ಮನೆಯನ್ನು ಮುಟ್ಟಿದರೆ ದಿನದ ಕೊನೆಗೆ ಆ ವ್ಯಕ್ತಿ ಮನೆಯಲ್ಲಿರುವುದು ಹೇಗೆಂದು ಲೆಕ್ಕ ಹತ್ತುತ್ತಿಲ್ಲ. ದಾಖಲಾಗದೆ ಬಿಟ್ಟುಹೋದ ಒಂದು ಪ್ರಯಾಣವಿರಬೇಕು, ಅಥವಾ ದಿನವೇ ಬೇರೆಲ್ಲೋ ಆರಂಭವಾಗಿರಬೇಕು. ಅಂಥ ಸಾಲುಗಳನ್ನು ತೆಗೆದುಹಾಕಿದರೆ ಯಾವ ಬಗೆಯ ಪ್ರಯಾಣಿಕರು ಮಾದರಿಯಿಂದ ಹೊರಗುಳಿಯುತ್ತಾರೆಂದು ವಯಸ್ಸು ಮತ್ತು ಕಾರಿನ ಮಟ್ಟಗಳ ಪ್ರಕಾರ ಇಂದು ಪಟ್ಟಿ ಮಾಡುತ್ತಿದ್ದೇನೆ.